ಕಿವಿಗೆ ಏನೂ ಬಿಡಬೇಡ ಮಗಳೇ

ನಿನ್ನೆ ರಾತ್ರಿ ಎರಡೂವರೆಗೆ ನಿನ್ನ ಫೋನ್ ಎತ್ತಿದಾಗ ಮೊದಲು ಕೇಳಿದ್ದು ನಿನ್ನ ದನಿಯಲ್ಲ, ಪುಟ್ಟನ ಅಳು. ಆ ಅಳುವಿನ ಗುರುತು ನನಗುಂಟು. ಹಸಿವಿನ ಅಳು ಏರುತ್ತದೆ, ಇಳಿಯುತ್ತದೆ. ಹಟದ ಅಳು ನಡುವೆ ನಿಂತು, ಯಾರಾದರೂ ನೋಡುತ್ತಾರಾ ಅಂತ ಸುತ್ತ ಕಣ್ಣು ಹಾಯಿಸುತ್ತದೆ. ಕಿವಿಯ ಅಳು ಹಾಗಲ್ಲ. ಮಲಗಿಸಿದ ಕೂಡಲೇ ಶುರು, ಎತ್ತಿಕೊಂಡರೆ ಅರ್ಧ, ಮತ್ತೆ ಮಲಗಿಸಿದರೆ ಮೊದಲಿಗಿಂತ ಜೋರು. ಆ ಗದ್ದಲದ ನಡುವೆ ನೀನು ಕೇಳಿದೆ: "ದೊಡ್ಡಮ್ಮಾ, ಬೆಳ್ಳುಳ್ಳಿ ಎಣ್ಣೆ ಎಷ್ಟು ಹೊತ್ತು ಕಾಯಿಸೋದು?" ಒಲೆ ಆರಿಸು ಅಂದೆ. ಆ ಹೊತ್ತಿಗೆ ಅಷ್ಟೇ ಹೇಳಲಿಕ್ಕೆ ಆದದ್ದು. ಉಳಿದದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ಪುಟ್ಟನ ಕಿವಿಯ ಆಪರೇಶನ್‌ಗೆ ಇನ್ನೂ ಮೂರು ವಾರ ಉಂಟಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ.

1987ರ ಆಸಾಡಿಯ ಮಾತು. ನಾವಾಗ ಡೊಂಬಿವಲಿಯಲ್ಲಿ, ಹತ್ತು ಬಿಡಾರಕ್ಕೆ ಎರಡು ನಲ್ಲಿ ಇದ್ದ ಚಾಳಿನಲ್ಲಿದ್ದೆವು. ನಿನ್ನ ಅಣ್ಣನಿಗೆ ಎರಡು ವರ್ಷ ತುಂಬಿರಲಿಲ್ಲ. ಮೂರು ರಾತ್ರಿ ಇದೇ ಅಳು. ನಿನ್ನ ದೊಡ್ಡಪ್ಪ ಕ್ಯಾಂಟೀನ್ ಮುಚ್ಚಿ ಬರುವಾಗ ಹನ್ನೊಂದು ದಾಟುತ್ತಿತ್ತು, ಡಾಕ್ಟರ ಬಾಗಿಲು ಒಂಬತ್ತಕ್ಕೇ ಹಾಕಿರುತ್ತಿತ್ತು. ಊರಿನ ಕ್ರಮ ನನಗೆ ಗೊತ್ತೇ ಇತ್ತು. ತೆಂಗಿನೆಣ್ಣೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಚಟಪಟ ಅನ್ನುವವರೆಗೆ ಕಾಯಿಸಿದೆ, ಉಗುರುಬೆಚ್ಚಗಾದ ಮೇಲೆ ಹತ್ತಿಯಲ್ಲಿ ಅದ್ದಿ ಮೂರು ತೊಟ್ಟು ಬಿಟ್ಟೆ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ನೀರಿನ ಕಲೆ, ಮಗು ಎದ್ದು ಕೂತು ನಗುತ್ತಾ ಉಂಟು. ಜ್ವರವೂ ಇಳಿದಿತ್ತು. ಕೆಟ್ಟದ್ದೆಲ್ಲ ಹೊರಗೆ ಬಂತು ಅಂತ ನಾನು ಇಡೀ ಚಾಳಿಗೆ ಸಾರಿದೆ. ಆ ಮೇಲೆ ಎಷ್ಟು ಮನೆಯವರು ನನ್ನ ಹತ್ತಿರ ಆ ಎಣ್ಣೆಯ ಲೆಕ್ಕ ಕೇಳಿಕೊಂಡು ಹೋದರೋ.

ಆದದ್ದು ಬೇರೆ. ಕಿವಿಯ ಪೊರೆಯ ಹಿಂದೆ ಕೀವು ತುಂಬಿ ಒತ್ತಿ ಒತ್ತಿ, ಆ ರಾತ್ರಿ ಪೊರೆ ತಾನಾಗಿ ಒಡೆದಿತ್ತು. ಒಡೆದರೆ ಒತ್ತಡ ಹೋಗುತ್ತದೆ, ನೋವೂ ಹೋಗುತ್ತದೆ. ಎಣ್ಣೆ ಬಿಡದಿದ್ದರೂ ಬೆಳಿಗ್ಗೆ ಅವನು ನಗುತ್ತಲೇ ಇರುತ್ತಿದ್ದ. ಕೆಲಸ ಮಾಡಿದ್ದು ಕೀವು, ಹೆಸರು ಬಂದದ್ದು ಬೆಳ್ಳುಳ್ಳಿಗೆ! ಅಷ್ಟಕ್ಕೇ ನಿಂತಿದ್ದರೆ ಸಮ ಇತ್ತು. ಮುಂದಿನ ಸಲ ನೆಗಡಿಯಾದಾಗ ಮತ್ತೆ ಬಿಟ್ಟೆ, ಅದರ ಮುಂದಿನ ಸಲವೂ. ಈಗ ಪೊರೆಯಲ್ಲಿ ತೂತಿತ್ತು, ಎಣ್ಣೆ ನೇರ ಒಳಕಿವಿಯ ಬಾಗಿಲವರೆಗೆ ಹೋಯಿತು. ನಾಲ್ಕು ವರ್ಷ ಕಿವಿ ಸೋರಿತು. ನಿನ್ನ ಅಣ್ಣ ಇವತ್ತಿಗೂ ಊಟಕ್ಕೆ ಕೂರುವಾಗ ಎಡಗಡೆಯ ಕೊನೆಯ ಜಾಗ ಹಿಡಿಯುತ್ತಾನೆ, ನೋಡಿದ್ದೀ ಅಲ್ವಾ? ಮಾತಾಡುವವರೆಲ್ಲ ತನ್ನ ಬಲಕಿವಿಗೆ ಸಿಗಲಿ ಅಂತ. ಅವನು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ನಾನೂ ಕೇಳಿಲ್ಲ.

ಹಾಗಾಗಿ ನಿನಗೆ ಹೇಳುವುದು ಒಂದೇ ಮಾತು, ಬೇಕಾದರೆ ನೂರು ಸಲ ಹೇಳುತ್ತೇನೆ. ಕಿವಿಗೆ ಏನೂ ಬಿಡಬೇಡ. ಬೆಳ್ಳುಳ್ಳಿ ಎಣ್ಣೆ ಬೇಡ, ಈರುಳ್ಳಿ ರಸ ಬೇಡ, ತುಳಸಿ ರಸ ಬೇಡ, ಮೊಲೆಹಾಲೂ ಬೇಡ. ಮನೆಯಲ್ಲಿ ಉಳಿದ ಯಾರದೋ ಹಳೇ ಕಿವಿಯ ಡ್ರಾಪ್ಸ್ ಅಂತೂ ಬೇಡವೇ ಬೇಡ. ಪೊರೆ ಒಡೆದಿದೆಯೋ ಇಲ್ಲವೋ ನಿನಗೂ ನನಗೂ ಹೊರಗಿನಿಂದ ಕಾಣುವುದಿಲ್ಲ, ಡಾಕ್ಟರು ದೀಪ ಹಾಕಿ ನೋಡಿದರೇ ಗೊತ್ತಾಗುವುದು. ಇಯರ್‌ಬಡ್ ಪೊಟ್ಟಣವನ್ನೂ ಮೇಲಿನ ಕಪಾಟಿಗೆ ಎತ್ತಿಡು. ಹಿಂದೆ ಮುಂಬಯಿ ಕಡೆ ಸ್ಟೇಶನ್ ಹೊರಗೆ ಕೆಂಪು ರುಮಾಲು ಸುತ್ತಿ, ಕಿವಿಗೆ ಹತ್ತಿ ಸಿಕ್ಕಿಸಿಕೊಂಡು 'ಕಾನ್ ಸಾಫ್' ಮಾಡುವವರು ನಿಲ್ಲುತ್ತಿದ್ದರು. ಅವರ ಕೈಯಲ್ಲಿದ್ದ ಕಡ್ಡಿಗೂ ನಮ್ಮ ಬಚ್ಚಲುಮನೆಯ ಬಡ್‌ಗೂ ದೊಡ್ಡ ವ್ಯತ್ಯಾಸ ಇಲ್ಲ. ಪುಟ್ಟನ ತೊಂದರೆ ಇರುವುದು ಪೊರೆಯ ಆಚೆ, ನಾವು ಹೊರಗಿನಿಂದ ಹಾಕಿದ್ದು ಯಾವುದೂ ಅಲ್ಲಿಗೆ ತಲುಪುವುದಿಲ್ಲ. ತಲುಪಿತು ಅಂದರೆ ಪೊರೆ ತೂತಾಗಿದೆ ಅಂತ ಅರ್ಥ, ಆಗಂತೂ ಹಾಕಲೇಬಾರದು.

ಪೊರೆಯ ಆಚೆ ಎಂತ ಉಂಟು ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಮೊಮ್ಮಗನಿಗೆ ಇದೇ ಆಪರೇಶನ್ ಆದಾಗ ನಾನು ಡಾಕ್ಟರ ಹತ್ತಿರ ಪುಸ್ತಕ ಪೆನ್ನು ಹಿಡಿದೇ ಕೂತಿದ್ದೆ. ನಿನ್ನ ಅಣ್ಣನ ಕಿವಿ ಕಲಿಸಿದ ಬುದ್ಧಿ ಅದು. ಪೊರೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಆ ನಾಳ ಬಾಯಿ ತೆರೆದು ಕೋಣೆಗೆ ಗಾಳಿ ಬಿಡುತ್ತದೆ. ದೊಡ್ಡವರಲ್ಲಿ ಅದು ಮೂರೂವರೆ ಸೆಂಟಿಮೀಟರಿನಷ್ಟು ಉದ್ದ, ಓರೆಯಾಗಿ ಕೆಳಗಿಳಿಯುತ್ತದೆ. ಎಳೆಮಕ್ಕಳಲ್ಲಿ ಅದರ ಅರ್ಧದಷ್ಟೇ ಉದ್ದ, ಅದೂ ಹೆಚ್ಚುಕಡಿಮೆ ಮಲಗಿದ ಹಾಗೆ. ಮೂಗಿನ ಹಿಂದೆ ಅಡೆನಾಯ್ಡ್ ಬೇರೆ ಊದಿಕೊಂಡಿದ್ದರೆ ನಾಳದ ಬಾಯಿಗೆ ಯಾರೋ ಮಣೆ ಹಾಕಿ ಕೂತ ಹಾಗೆ. ಗಾಳಿ ಹೋಗದ ಕೋಣೆಯಲ್ಲಿ ನೀರು ಒಸರುತ್ತದೆ, ದಿನ ಹೋದ ಹಾಗೆ ಅದು ಗೋಂದಿನಂತೆ ಗಟ್ಟಿಯಾಗುತ್ತದೆ. ನೀನು ವಾಟ್ಸಾಪಿನಲ್ಲಿ ಕಳಿಸಿದ ಆ ಚೀಟಿ ಇದೆಯಲ್ಲ, ಟಿಂಪಾನೊಮೆಟ್ರಿಯದು? ಸಮ ಇರುವ ಕಿವಿಯಾದರೆ ಅದರಲ್ಲಿ ಗೆರೆ ಗುಡ್ಡದ ಹಾಗೆ ಎದ್ದು ಇಳಿಯಬೇಕು. ಪುಟ್ಟನದ್ದು ಎರಡು ಕಿವಿಯಲ್ಲೂ ಗದ್ದೆಯ ಹಾಗೆ ಚಪ್ಪಟೆ. ಪೊರೆ ಅಲುಗುತ್ತಿಲ್ಲ ಅಂತ ಅದರ ಅರ್ಥ. ಮೂರು ತಿಂಗಳು ಕಾದು ನೋಡಿದ ಮೇಲೂ ಚಪ್ಪಟೆಯೇ ಬಂದದ್ದರಿಂದ ಗ್ರೋಮೆಟ್ ಹಾಕುವ ಅಂದಿದ್ದಾರೆ.

ಗ್ರೋಮೆಟ್ ಅಂದರೆ ಎಂತ ಅಂತ ಹೆದರಬೇಡ. ಮಳೆಗಾಲದಲ್ಲಿ ನಿಮ್ಮ ಬಿಲ್ಡಿಂಗಿನ ತಾರಸಿಗೆ ನೀಲಿ ತಾಡಪತ್ರಿ ಕಟ್ಟುತ್ತಾರಲ್ಲ, ಅದರ ಅಂಚಿನಲ್ಲಿ ಹಗ್ಗ ತೂರಿಸಲಿಕ್ಕೆ ಲೋಹದ ಬಳೆ ಇರುತ್ತದೆ, ತೂತು ಹರಿಯದ ಹಾಗೆ. ಅದರ ಹೆಸರೇ ಗ್ರೋಮೆಟ್. ಹಡಗಿನ ಹಾಯಿಪಟಕ್ಕೂ ಅದೇ. ಕಿವಿಗೆ ಹಾಕುವುದು ಕೊತ್ತಂಬರಿ ಬೀಜಕ್ಕಿಂತ ಚಿಕ್ಕದು. ಪೊರೆಯಲ್ಲಿ ಒಂದು ಸಣ್ಣ ಗೀರು ಕೊಟ್ಟು, ಗೋಂದನ್ನು ಎಳೆದು ತೆಗೆದು, ಇದನ್ನು ಗುಂಡಿಯ ಹಾಗೆ ಸಿಕ್ಕಿಸುತ್ತಾರೆ. ನಾಳ ಮಾಡದ ಕೆಲಸವನ್ನು ಇದು ಹೊರಗಿನಿಂದ ಮಾಡುತ್ತದೆ, ಅಂದರೆ ಕೋಣೆಗೆ ಗಾಳಿ. ಹತ್ತು ಹದಿನೈದು ನಿಮಿಷದ ಕೆಲಸ. ಬಹುಪಾಲು ಮಕ್ಕಳಲ್ಲಿ ಆರು ತಿಂಗಳಿಂದ ಒಂದು ಒಂದೂವರೆ ವರ್ಷದೊಳಗೆ ತಾನಾಗಿ ಕಳಚಿ ಹೊರಬೀಳುತ್ತದೆ. ವಿಯೆನ್ನಾದಲ್ಲಿ ಪೊಲಿಟ್ಸರ್ ಎಂಬ ಡಾಕ್ಟರು 1860ರ ದಶಕದಲ್ಲೇ ರಬ್ಬರಿನದ್ದು ಹಾಕಿ ನೋಡಿದ್ದರಂತೆ, ಆಗ ನಿಲ್ಲಲಿಲ್ಲ. 1954ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಎಂಬವರು ಪ್ಲಾಸ್ಟಿಕ್ಕಿನದ್ದು ಹಾಕಿ ತೋರಿಸಿದ ಮೇಲೆ ಬಳಕೆಗೆ ಬಂತು. ನಿನ್ನ ಅಣ್ಣನ ಕಾಲಕ್ಕೂ ಅದು ಇತ್ತು ಅಂತಾಯಿತು. ನಮ್ಮ ಚಾಳಿಗೆ ಸುದ್ದಿ ಮುಟ್ಟಿರಲಿಲ್ಲ.

ಈಗ ರಾತ್ರಿಯ ಮಾತು. ಹಗಲಲ್ಲಿ ಆಡಿಕೊಂಡಿದ್ದ ಮಗು ರಾತ್ರಿ ಯಾಕೆ ಕಿರಿಚುತ್ತದೆ ಅಂದರೆ, ಮಲಗಿದಾಗ ಮೂಗು ಕಟ್ಟುತ್ತದೆ, ಆ ಕೋಣೆಯ ಒತ್ತಡ ಏರುತ್ತದೆ. ಹಾಗಾಗಿ ಮದ್ದಿಗಿಂತ ಮೊದಲು ಹೆಗಲು. ಎದೆಗೆ ಆನಿಸಿ, ತಲೆ ನಿನ್ನ ಭುಜದ ಮೇಲೆ ಬರುವ ಹಾಗೆ ನೆಟ್ಟಗೆ ಎತ್ತಿಕೋ. ನೋವಿರುವ ಕಿವಿ ಮೇಲಿರಲಿ. ನಿಮ್ಮ ಹಾಲ್‌ನಿಂದ ಅಡಿಗೆಮನೆಗೆ ಹನ್ನೊಂದು ಹೆಜ್ಜೆ, ಕಳೆದ ಸಲ ಬಂದಾಗ ನಾನೇ ನಡೆದು ಎಣಿಸಿದ್ದೇನೆ. ದೀಪ ಹಾಕಬೇಡ, ಟಿವಿ ಹಾಕಬೇಡ, ಮೊಬೈಲ್ ಕೊಡಬೇಡ. ನಡೆ. ನಡುನಡುವೆ ಒಂದೊಂದು ಗುಟುಕು ನೀರು ಕುಡಿಸು. ನುಂಗಿದಾಗ ನಾಳ ತೆರೆಯುತ್ತದೆ ಅಂದೆನಲ್ಲ, ಅದಕ್ಕೆ. ನಿದ್ದೆ ಹತ್ತಿತು ಅಂತ ಕೂಡಲೇ ಮಲಗಿಸಬೇಡ. ಗೋಡೆಗೆ ಒರಗಿ ಕೂತು ಅರ್ಧ ಗಂಟೆ ಹಾಗೇ ಹಿಡಿದುಕೋ, ಆದರೆ ನಿನಗೆ ತೂಕಡಿಕೆ ಬಂದರೆ ಅವನನ್ನು ಮಲಗಿಸಿಬಿಡು. ಇಡೀ ರಾತ್ರಿ ನೀನೊಬ್ಬಳೇ ನಡೆಯಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಒಂದು ಗಂಟೆಯವರೆಗೆ ಅವನಪ್ಪ, ಆಮೇಲೆ ನೀನು. ನಾಳೆ ಅವನಿಗೆ ಆಫೀಸುಂಟು ಅನ್ನಬೇಡ, ನಿನಗೂ ಉಂಟು.

ಬೆಚ್ಚಗಿನ ಶಾಖ ಕೊಡಬಹುದು, ಹೊರಗಿನಿಂದ. ಹಿಂದೆ ನಾವು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದೆವು, ಎಷ್ಟೋ ಮಕ್ಕಳ ಕೆನ್ನೆ ಸುಟ್ಟದ್ದೂ ಉಂಟು. ಅದು ಬೇಡ. ಸಣ್ಣ ಬೈರಾಸನ್ನು ಬಿಸಿನೀರಿನಲ್ಲಿ ಅದ್ದಿ ಗಟ್ಟಿ ಹಿಂಡು, ನಿನ್ನ ಮೊಣಕೈ ಒಳಗಡೆಗೆ ಇಟ್ಟು ನೋಡು. ಅಲ್ಲಿ ಹಿತವಾದರೆ ಅವನ ಕಿವಿಯ ಹೊರಗೆ, ದವಡೆಯ ಮೇಲೆ ಐದು ನಿಮಿಷ. ದೂಡಿದರೆ ಬಿಡು, ಕೆಲವು ಮಕ್ಕಳಿಗೆ ಮುಟ್ಟಿದರೇ ಆಗುವುದಿಲ್ಲ.

ಇನ್ನು ಮದ್ದು. ನಾನು ಡಾಕ್ಟರಲ್ಲ, ನಿಮ್ಮ ಡಾಕ್ಟರು ಬರೆದ ಲೆಕ್ಕವೇ ಲೆಕ್ಕ. ಆದರೆ ಒಂದು ಅವಾಂತರ ನಮ್ಮ ಮನೆಯಲ್ಲೇ ಆಗಲಿಕ್ಕಿತ್ತು, ಅದಕ್ಕೆ ಹೇಳುತ್ತೇನೆ. ಪ್ಯಾರಾಸಿಟಮಾಲ್ ಸಿರಪ್ ಒಂದೇ ಬಗೆಯದಲ್ಲ. ಒಂದು ಬಾಟ್ಲಿಯಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ, ಪಕ್ಕದಲ್ಲೇ ಇರುವ ಅದೇ ಬಣ್ಣದ ಇನ್ನೊಂದರಲ್ಲಿ 250. ಎಳೆಯ ಶಿಶುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಸಾಮಾನ್ಯವಾಗಿ ಡಾಕ್ಟರು ಲೆಕ್ಕ ಹಾಕುವುದು ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಆರು ಗಂಟೆ, ದಿನಕ್ಕೆ ನಾಲ್ಕು ಸಲ ಮೀರದ ಹಾಗೆ. ಪುಟ್ಟ 11 ಕಿಲೋ. 125ರ ಬಾಟ್ಲಿಗೆ ಅಂತ 6 ಎಂಎಲ್ ಬರೆದಿದ್ದರೆ ಅವನಿಗೆ ಹೋಗುವುದು 150 ಮಿಲಿಗ್ರಾಂ, ಸಮ ಆಯಿತು. ಮೆಡಿಕಲಿನವನು 250ರದ್ದು ಕೊಟ್ಟು ನೀನು ಅದೇ 6 ಎಂಎಲ್ ಹಾಕಿದರೆ 300, ದುಪ್ಪಟ್ಟು. ಬಾಟ್ಲಿ ಮೇಲಿನ ಅಂಕಿ ಓದಿಯೇ ಹಾಕು. ಅಡಿಗೆಮನೆಯ ಚಮಚ ಬಿಟ್ಟು, ಗೆರೆ ಇರುವ ಸಿರಿಂಜ್ ಇಟ್ಟುಕೋ, ಸೂಜಿ ಇಲ್ಲದ್ದು. ಕೊಟ್ಟ ಗಂಟೆಯನ್ನು ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಬರೆ. ನಮ್ಮಲ್ಲಿ ಅಜ್ಜಿ ಒಂದು ಸಲ ಕೊಟ್ಟಾಗಿತ್ತು, ಸೊಸೆ ಅದೇ ಗಳಿಗೆಯಲ್ಲಿ ಇನ್ನೊಂದು ಸಲ ಸಿರಿಂಜ್ ತುಂಬುತ್ತಿದ್ದಳು. ಆ ಅಜ್ಜಿ ಯಾರು ಅಂತ ಬೇರೆ ಹೇಳಬೇಕಾ?

ಐಬುಪ್ರೊಫೆನ್ ಇದ್ದ ಸಿರಪನ್ನು ಡಾಕ್ಟರನ್ನು ಕೇಳದೆ ಕೊಡಬೇಡ. ಮಳೆಗಾಲದಲ್ಲಿ ನವಿ ಮುಂಬಯಿಯಲ್ಲಿ ಡೆಂಗ್ಯೂ ಓಡಾಡುತ್ತದೆ; ಜ್ವರ ಡೆಂಗ್ಯೂವಿನದ್ದಾದರೆ ಆ ಮದ್ದಿನಿಂದ ರಕ್ತಸ್ರಾವ ಹೆಚ್ಚುವ ಭಯ. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ನೆಗಡಿ ಕೆಮ್ಮಿನ ಸಿರಪ್ಪೂ ಬೇಡ. ಅವು ಕಿವಿಯ ನೀರನ್ನು ಇಳಿಸುವುದಿಲ್ಲ, ಕೆಲವದರಲ್ಲಿ ಪ್ಯಾರಾಸಿಟಮಾಲ್ ಕೂಡಾ ಸೇರಿರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತದ್ದು ನೆನಪುಂಟಲ್ಲ? ಅದಾದ ಮೇಲೆ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರವೇ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಮದ್ದು ಬರೆಯಬೇಡಿ ಅಂತ ಡಾಕ್ಟರುಗಳಿಗೆ ಸೂಚಿಸಿತು. ಪುಟ್ಟನಿಗೆ ಇನ್ನೂ ಎರಡು ತುಂಬಿಲ್ಲ. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಸಾಕು, ಮೆಡಿಕಲಿನಲ್ಲಿ ಸಲೈನ್ ಡ್ರಾಪ್ಸ್ ಅಂದರೆ ಕೊಡುತ್ತಾರೆ. ಹಂಡೆ ನೀರು ಕುದಿಸಿ ಮಗುವನ್ನು ಹಬೆಗೆ ಹಿಡಿಯುವ ಸಾಹಸ ಮಾಡಬೇಡ. ನಿನ್ನ ಅತ್ತೆ ಹೇಳಿದರೆ ನನ್ನ ಹೆಸರು ಹೇಳು, ಬೈಗುಳ ನನಗೆ ಬರಲಿ.

ಮಲಗಿಸಿ ಹಾಲಿನ ಬಾಟ್ಲಿ ಬಾಯಿಗೆ ಕೊಡುವುದನ್ನು ಈ ವಾರವೇ ನಿಲ್ಲಿಸು. ಝೋಳಿಯಲ್ಲಿ ಹಾಕಿ ಬಾಟ್ಲಿ ಕೊಟ್ಟರೆ ಮಕ್ಕಳು ಬೇಗ ಮಲಗುತ್ತಾರೆ, ಹೌದು. ಆದರೆ ಮಲಗಿದ ನಾಳದ ಬಾಯಿಗೆ ಹಾಲೂ ಮಲಗಿಕೊಂಡೇ ಹೋಗುತ್ತದೆ. ಕೂರಿಸಿ ಲೋಟದಲ್ಲಿ ಕುಡಿಸು. ಎರಡು ದಿನ ಅಂಗಿಯೆಲ್ಲ ಹಾಲು ಮಾಡುತ್ತಾನೆ, ಮೂರನೇ ದಿನ ಕಲಿಯುತ್ತಾನೆ.

ಹೊಗೆಯ ವಿಷಯ ಹೇಳಿದರೆ ಮನೆಯಲ್ಲಿ ಜಗಳ ಆಗಬಹುದು, ಆದರೂ ಹೇಳುತ್ತೇನೆ. ಸೊಳ್ಳೆ ಕಾಯಿಲ್ ಬೇಡ, ಪರದೆ ಕಟ್ಟು. ಎಣ್ಣೆಸ್ನಾನ ಆದ ಮೇಲೆ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮ ಕಡೆ ಎಷ್ಟು ಚಂದದ ಕ್ರಮ, ಆ ವಾಸನೆಗೆ ನನಗೂ ಊರು ನೆನಪಾಗುತ್ತದೆ. ಆದರೆ ಹೊಗೆ ಯಾವುದಾದರೂ ಮೂಗಿನ ಒಳಗೋಡೆ ಊದುತ್ತದೆ, ನಾಳ ಕಟ್ಟುತ್ತದೆ. ಅವನಪ್ಪ ಬಾಲ್ಕನಿಯಲ್ಲಿ ಸೇದಿ ಬಂದು ಅದೇ ಅಂಗಿಯಲ್ಲಿ ಎತ್ತಿಕೊಳ್ಳುವುದೂ ಬೇಡ. ರೈಲುಹಳಿಯ ಆಚೆ, ಠಾಣೆ ಬೇಲಾಪುರ ರಸ್ತೆಯ ಉದ್ದಕ್ಕೂ ಎಂಐಡಿಸಿ ಕಾರ್ಖಾನೆಗಳು ಉಂಟಲ್ಲ, ಆ ಕಡೆಯಿಂದ ವಾಸನೆ ಬರುವ ರಾತ್ರಿ ಕಿಟಕಿ ಹಾಕಿಕೋ.

ನನಗೆ ನಿಜವಾಗಿ ಹೇಳಬೇಕಿದ್ದದ್ದು ಇನ್ನೊಂದು. ಕಳೆದ ತಿಂಗಳು ನಿಮ್ಮಲ್ಲಿಗೆ ಬಂದಿದ್ದಾಗ ನೀನು ಅಡಿಗೆಮನೆಯಿಂದ ಪುಟ್ಟನನ್ನು ನಾಲ್ಕು ಸಲ ಕರೆದೆ. ಕುಕ್ಕರ್ ಕೂಗುತ್ತಿತ್ತು, ಟಿವಿ ಇತ್ತು. ಅವನು ತಿರುಗಲಿಲ್ಲ. ಐದನೇ ಸಲಕ್ಕೆ ನೀನು ಬಂದು ಬೆನ್ನಿಗೆ ಒಂದು ಕೊಟ್ಟೆ. ಅವನು ಅಳಲಿಲ್ಲ, ನಿನ್ನ ಮುಖವನ್ನೇ ನೋಡಿದ. ಯಾಕೆ ಬಂತು ಪೆಟ್ಟು ಅಂತ ಅವನಿಗೆ ಗೊತ್ತಾಗಲಿಲ್ಲ ಮಗಳೇ. ಅವನಿಗೆ ಕೇಳಿಸಿರಲಿಲ್ಲ. ನಿನ್ನ ಎರಡು ಕಿವಿಗೂ ಬೆರಳು ಹಾಕಿಕೊಂಡು ಒಂದು ಗಂಟೆ ಮನೆಯಲ್ಲಿ ಓಡಾಡು, ಅವನ ಲೋಕ ಹೆಚ್ಚುಕಡಿಮೆ ಹಾಗೆ. ಒಂದು ದಿನ ನೆಗಡಿ ಇಳಿದು ಚೆನ್ನಾಗಿ ಕೇಳುತ್ತದೆ, ಮರುದಿನ ಇಲ್ಲ. ಅದಕ್ಕೇ ನೋಡುವವರಿಗೆ ಹಟಮಾರಿ ಅನಿಸುವುದು. ಚಾಕಲೇಟ್ ಪೊಟ್ಟಣದ ಸದ್ದು ಕೇಳುತ್ತದೆ, ಕರೆದರೆ ಕೇಳುವುದಿಲ್ಲವಾ ಅಂತ ನಿನ್ನ ಗಂಡ ನಗೆಯಾಡಿದ. ಅವನು ಪೊಟ್ಟಣ ಕೇಳಿದ್ದಲ್ಲ, ನೋಡಿದ್ದು.

ದೂರದಿಂದ ಕರೆಯಬೇಡ. ಹತ್ತಿರ ಹೋಗು, ಕುಕ್ಕರುಗಾಲು ಕೂತುಕೋ, ನಿನ್ನ ಮುಖಕ್ಕೆ ಬೆಳಕು ಬೀಳಲಿ, ಆಮೇಲೆ ಮಾತಾಡು. ಕಿರಿಚುವುದು ಬೇಡ, ಕಿರಿಚಿದ ಮಾತು ಅಂಕುಡೊಂಕಾಗಿ ಕೇಳುತ್ತದೆ. ಚಿಕ್ಕ ಚಿಕ್ಕ ಮಾತು ಸಾಕು. "ಅನ್ನ ಬಂತು. ಬಿಸಿ ಉಂಟು. ಊದು." ಎಡವಿ ಬೀಳುವುದಕ್ಕೂ ಬೈಯಬೇಡ, ಕಿವಿಯಲ್ಲಿ ನೀರಿದ್ದರೆ ತೂಕ ತಪ್ಪುತ್ತದೆ.

ಮಾತು ತಡ ಅಂತ ಊರಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಗೊತ್ತು. ಮನೆಯಲ್ಲಿ ಕನ್ನಡ, ಅಪ್ಪನ ಕಡೆ ತುಳು, ಕೆಲಸದವಳದ್ದು ಮರಾಠಿ, ಲಿಫ್ಟಿನಲ್ಲಿ ಹಿಂದಿ, ಮಗುವಿಗೆ ಗೊಂದಲ ಆಗಿದೆ, ಇಂಗ್ಲಿಷ್ ಒಂದೇ ಮಾತಾಡಿ ಅಂತ ಯಾರೋ ಹೇಳಿದರಂತೆ. ಕೇಳಬೇಡ. ನಾಲ್ಕು ಭಾಷೆ ಕೇಳಿ ಬೆಳೆದ ಮಕ್ಕಳು ಈ ಊರು ತುಂಬ ಇದ್ದಾರೆ, ನಾಲ್ಕರಲ್ಲೂ ಜಗಳ ಆಡುತ್ತಾರೆ. ಭಾಷೆ ಹೆಚ್ಚಾದದ್ದರಿಂದ ಮಾತು ನಿಲ್ಲುವುದಿಲ್ಲ, ಯಾವ ಭಾಷೆಯೂ ಸರಿಯಾಗಿ ಒಳಗೆ ಹೋಗದಿದ್ದರೆ ನಿಲ್ಲುತ್ತದೆ. ನಿನಗೆ ಯಾವುದರಲ್ಲಿ ಮುದ್ದು ಮಾಡಲಿಕ್ಕೆ ಬರುತ್ತದೋ ಅದರಲ್ಲೇ ಮಾತಾಡು.

ನಿನ್ನ ಅಮ್ಮ ಕೊಲ್ಲೂರಿಗೆ ಹರಕೆ ಹೊತ್ತಿದ್ದಾಳೆ. ನೀನೂ ನಿಮ್ಮ ಘಣಸೋಲಿಯ ಮೂಕಾಂಬಿಕೆ ದೇವಸ್ಥಾನದಲ್ಲಿ ಪ್ರತಿ ಶುಕ್ರವಾರ ಅವನ ನಾಲಗೆಗೆ ತೀರ್ಥ ಹಾಕಿಸುತ್ತಿದ್ದೀ. ಒಳ್ಳೆಯದೇ, ಬಿಡಬೇಡ. ಕೊಲ್ಲೂರಿನ ಸ್ಥಳಪುರಾಣ ನಿನಗೆ ಗೊತ್ತುಂಟಲ್ಲ, ಕಂಹಾಸುರ ವರ ಕೇಳುವ ಹೊತ್ತಿಗೆ ಅವನ ಮಾತು ಕಟ್ಟಿಹೋಗಿ ಮೂಕಾಸುರನಾದ ಕಥೆ. ಮಾತು ಕಟ್ಟಿದ ದೇವಿಯೇ ಮಾತು ಕೊಡುತ್ತಾಳೆ ಅಂತ ನಮ್ಮ ಕಡೆಯವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು. ನಾನೂ ನಿನ್ನ ಅಣ್ಣನನ್ನು ಕರೆದುಕೊಂಡು ಹೋಗಿದ್ದೆ. ಆದರೆ ನನಗೆ ಈ ವಯಸ್ಸಿನಲ್ಲಿ ಹೊಳೆಯುವುದು, ನಾವೆಲ್ಲ ನಾಲಗೆಗೆ ಹರಕೆ ಹೊರುತ್ತೇವೆ, ಕಿವಿಯನ್ನು ಯಾರೂ ನೋಡುವುದಿಲ್ಲ. ಆಪರೇಶನ್ ಆದ ಮೇಲೆ ಶ್ರವಣ ಪರೀಕ್ಷೆ ಒಮ್ಮೆ ಮಾಡಿಸಿಯೇ ಮಾಡಿಸು. ಬಾಂದ್ರಾದಲ್ಲಿ 1983ರಿಂದ ಇರುವ ಅಲಿ ಯಾವರ್ ಜಂಗ್ ಸಂಸ್ಥೆ ಕೇಂದ್ರ ಸರಕಾರದ್ದು, ಮಾತು ಮತ್ತು ಶ್ರವಣಕ್ಕೆಂದೇ ಇರುವುದು. ಊರಿಗೆ ಹೋದರೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಉಂಟು, ಅಲ್ಲಿ ಎಲ್ಲ ಕನ್ನಡದಲ್ಲೇ ಕೇಳಬಹುದು. ಇಷ್ಟು ಸಣ್ಣ ಮಗು ಯಂತ್ರಕ್ಕೆ ಉತ್ತರ ಹೇಳುವುದು ಹೇಗೆ ಅಂತ ಯೋಚಿಸಬೇಡ. ನಿದ್ದೆಯಲ್ಲಿರುವಾಗಲೇ ತಲೆಗೆ ತಂತಿ ಅಂಟಿಸಿ ನೋಡುವ ಪರೀಕ್ಷೆಯೂ ಉಂಟು.

ಕಾಯದೆ ಓಡಬೇಕಾದ ಲಕ್ಷಣಗಳೂ ಉಂಟು. ದಿನಾ ಬೆಳಿಗ್ಗೆ ಮುಖ ತೊಳೆಸುವಾಗ ಅವನ ಕಿವಿಯ ಹಿಂದೆ ಮೂಳೆಯ ಮೇಲೆ ಬೆರಳಾಡಿಸು. ಅಲ್ಲಿ ಕೆಂಪಾಗಿ ಊದಿ, ಒಂದು ಕಿವಿ ಇನ್ನೊಂದಕ್ಕಿಂತ ಮುಂದೆ ಚಾಚಿದ ಹಾಗೆ ಕಂಡರೆ ರಾತ್ರಿಯೋ ಹಗಲೋ ನೋಡಬೇಡ, ಆಸ್ಪತ್ರೆಗೆ ಹೋಗು. ಕುತ್ತಿಗೆ ಬಗ್ಗಿಸದಿದ್ದರೆ, ಅಳುವಾಗ ಬಾಯಿ ಒಂದೇ ಕಡೆಗೆ ಎಳೆದರೆ, ಎಬ್ಬಿಸಿದರೂ ಏಳದ ಹಾಗೆ ಮಂಕಾದರೆ, ವಾಂತಿ ನಿಲ್ಲದಿದ್ದರೆ, ಮದ್ದು ಹಾಕಿದರೂ ಜ್ವರ ಇಳಿಯದಿದ್ದರೆ ಹಾಗೆಯೇ. ಕಿವಿ ಸೋರಿದರೆ ಭಯ ಬೇಡ, ಆದರೆ ನನ್ನ ಹಾಗೆ ಖುಷಿಯೂ ಬೇಡ. ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ಹತ್ತಿ ತುರುಕಬೇಡ, ನೀರು ತಾಗಿಸಬೇಡ, ಅದೇ ದಿನ ಡಾಕ್ಟರಿಗೆ ತೋರಿಸು. ಆಂಟಿಬಯೋಟಿಕ್ ಕೊಟ್ಟರೆ ಪೂರ್ತಿ ಮುಗಿಸು. ಮೊದಲ ಒಂದೆರಡು ದಿನ ಅದರಿಂದ ನೋವು ಇಳಿಯುವುದಿಲ್ಲ, ಅಲ್ಲಿಯವರೆಗೆ ಪ್ಯಾರಾಸಿಟಮಾಲೇ.

ಆಪರೇಶನ್‌ನ ಹಿಂದಿನ ವಾರ ಮನೆಗೆ ನೆಂಟರನ್ನು ಕರೆಯಬೇಡ, ಪ್ಲೇಗ್ರೂಪಿಗೂ ಕಳಿಸಬೇಡ. ಜೋರು ನೆಗಡಿ, ಎದೆಯಲ್ಲಿ ಕಫ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರು ದಿನ ಮುಂದೆ ಹಾಕುತ್ತಾರೆ, ಮತ್ತೆ ಇಷ್ಟೇ ರಾತ್ರಿ ನಡೆಯಬೇಕು. ಮುಚ್ಚಿಡಬೇಡ ಮಾತ್ರ, ನೆಗಡಿ ಇದ್ದರೆ ಮೊದಲೇ ಫೋನ್ ಮಾಡಿ ಹೇಳು. ನಿನ್ನ ಅತ್ತೆ ಹಬ್ಬಕ್ಕೆ ಬನ್ನಿ ಅಂತಿದ್ದಾರಂತೆ. ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಉಡುಪಿ, ಹೌದು. ಆದರೆ ಒಂದು ರಾತ್ರಿಯ ಏಸಿ ಡಬ್ಬಿ ಸಾಕು ಮೂಗು ಕಟ್ಟಲಿಕ್ಕೆ. ಹೊಸ ವಿಮಾನ ನಿಲ್ದಾಣ ಪನ್ವೇಲಿನ ಹತ್ತಿರವೇ ಆಯಿತಲ್ಲ ಅಂತ ವಿಮಾನದ ಯೋಚನೆ ಮಾಡಿದರೆ, ಇಳಿಯುವಾಗ ದೊಡ್ಡವರ ಕಿವಿಯೇ ಒಡೆದ ಹಾಗೆ ಆಗುತ್ತದೆ, ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬೇಡ. ಹಬ್ಬ ಬರುವ ವರ್ಷವೂ ಬರುತ್ತದೆ.

ಆಪರೇಶನ್ ದಿನ ಬೆಳಿಗ್ಗೆ ಕಷ್ಟ ಆಪರೇಶನ್‌ದಲ್ಲ, ಹೊಟ್ಟೆಯದ್ದು. ಅನ್ನ, ತಿಂಡಿ, ಪ್ಯಾಕೆಟ್ ಹಾಲು ಸಾಮಾನ್ಯವಾಗಿ ಆರು ಗಂಟೆ ಮೊದಲೇ ನಿಲ್ಲಿಸುತ್ತಾರೆ, ಮೊಲೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ. ನಿಮ್ಮ ಆಸ್ಪತ್ರೆಯವರು ಹೇಳಿದ ಗಂಟೆಯನ್ನೇ ಹಿಡಿ. ಮಗು ಹಸಿದು ಅತ್ತಿತು ಅಂತ ಒಂದು ಬಿಸ್ಕಿಟ್ ಕೊಟ್ಟರೂ ಅರಿವಳಿಕೆಯಲ್ಲಿ ವಾಂತಿಯಾಗಿ ಎದೆಗೆ ಹೋದೀತು. ಬಿಸ್ಕಿಟ್ ಡಬ್ಬಿಯನ್ನು ಅವನ ಕಣ್ಣಿಗೆ ಬೀಳದ ಕಡೆ ಇಡು. ಕೊಟ್ಟುಬಿಡುವವಳು ನಾನೇ ಆದ್ದರಿಂದ ನನಗೂ ಕಾಣದ ಕಡೆ. ಎಚ್ಚರ ಆದ ಮೇಲೆ ಅರ್ಧ ಗಂಟೆ ಯಾರು ಎತ್ತಿಕೊಂಡರೂ ಒದೆಯುತ್ತಾನೆ, ಗುರುತು ಹಿಡಿಯದ ಹಾಗೆ ಅಳುತ್ತಾನೆ. ಅದು ಹೆಚ್ಚಾಗಿ ಅರಿವಳಿಕೆಯ ಅಮಲು, ನೋವಲ್ಲ. ಅದೇ ದಿನ ಸಂಜೆಯೊಳಗೆ ಮನೆಗೆ ಬಿಡುತ್ತಾರೆ. ಕುಕ್ಕರ್ ಕೂಗಿದರೆ ಬೆಚ್ಚಿಬೀಳಬಹುದು, ನಮ್ಮ ಮೊಮ್ಮಗ ಮೊದಲ ದಿನ ಫ್ಯಾನಿನ ಸದ್ದಿಗೇ ಮೇಲೆ ನೋಡಿ ಅತ್ತಿದ್ದ.

ಭಾನುವಾರ ಬರುತ್ತೇನೆ. ಬೆಳಗಿನ ಲೋಕಲ್ ಹಿಡಿದು ಠಾಣೆಯಲ್ಲಿ ವಾಶಿ ಗಾಡಿಗೆ ಬದಲಾದರೆ ಒಂಬತ್ತರೊಳಗೆ ಘಣಸೋಲಿ ಸ್ಟೇಶನ್. ಸ್ಟೇಶನ್ನಿಗೆ ಯಾರೂ ಬರುವುದು ಬೇಡ, ಈ ಮಳೆಯಲ್ಲಿ ಪುಟ್ಟನನ್ನು ಹೊರಗೆ ತರಬೇಡಿ, ರಿಕ್ಷಾ ಮಾಡಿಕೊಳ್ಳುತ್ತೇನೆ. ಎರಡು ರಾತ್ರಿ ನಾನು ನಡೆಯುತ್ತೇನೆ, ನೀವಿಬ್ಬರೂ ಬಾಗಿಲು ಹಾಕಿ ಮಲಗಿ. ಕುಚ್ಚಲಕ್ಕಿ ಇಲ್ಲಿಂದಲೇ ತರುತ್ತೇನೆ, ಪುಟ್ಟನಿಗೆ ಗಂಜಿಗೆ. ಬೆಳ್ಳುಳ್ಳಿಯೂ ತರುತ್ತೇನೆ, ನಮ್ಮ ಸಾರಿಗೆ.